ಬೆಸುಗೆಯಿಲ್ಲದ ಒಡವೆ

1906ರ ಸುಮಾರಿನ ಮಾತು. ಅಮೆರಿಕದ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ವಿದ್ಯುತ್ ಕೇಬಲ್ ಜೋಡಿಸುವವರು ಕೆಲಸ ಮುಗಿಸಿ ಹೋದರೆ, ಬೀದಿಯಲ್ಲಿ ತಾಮ್ರದ ತಂತಿಯ ತುಂಡುಗಳು ಉಳಿಯುತ್ತಿದ್ದವು. ಎಂಟು ವರ್ಷದ ಹುಡುಗನೊಬ್ಬ ಅವನ್ನು ಆಯ್ದು ತಂದು, ಬಗ್ಗಿಸಿ, ಮಣಿ ಪೋಣಿಸಿ, ಅಕ್ಕ ಪೆಗ್ಗಿಯ ಗೊಂಬೆಗಳಿಗೆ ಒಡವೆ ಮಾಡಿಕೊಟ್ಟ. ಗಾಳಿಗೆ ತೂಗಾಡುವ 'ಮೊಬೈಲ್' ಶಿಲ್ಪಗಳಿಂದ ಮುಂದೆ ಜಗತ್ತಿಗೇ ಪರಿಚಿತರಾದ ಅಲೆಕ್ಸಾಂಡರ್ ಕಾಲ್ಡರ್ (1898–1976) ಆ ಹುಡುಗ. ಶಿಲ್ಪಿಯಾದ ಮೇಲೂ ಅವರು ಒಡವೆ ಬಿಡಲಿಲ್ಲ. ಬದುಕಿನುದ್ದಕ್ಕೂ ಸುಮಾರು 1,800 ಆಭರಣಗಳನ್ನು ತಮ್ಮ ಕೈಯಾರೆ ಮಾಡಿದರು.

ಅವರ ಒಡವೆಗಳಲ್ಲಿ ಚಿನ್ನ ಕಡಿಮೆ. ಹಿತ್ತಾಳೆ, ಬೆಳ್ಳಿಯೇ ಹೆಚ್ಚು. ಒಡೆದ ಗಾಜು, ಪಿಂಗಾಣಿ ಚೂರು, ಕಡಲ ದಂಡೆಯ ಕಲ್ಲು ಕೂಡ ಅವರಿಗೆ ಮಣಿಯೇ. ಅಕ್ಕಸಾಲಿಗರ ಮುಖ್ಯ ಆಸರೆಯಾದ ಬೆಸುಗೆಯನ್ನು ಮಾತ್ರ ಹೆಚ್ಚುಕಡಿಮೆ ದೂರವೇ ಇಟ್ಟರು. ತುಂಡಿಗೆ ತುಂಡು ಅಂಟಿಸುವಂತಿಲ್ಲ ಎಂದಮೇಲೆ ಉಳಿದ ದಾರಿ ಯಾವುದು? ಸುತ್ತಬೇಕು, ಹೆಣೆಯಬೇಕು, ಕೊಕ್ಕೆ ಹಾಕಬೇಕು, ರಿವೆಟ್ ಬಡಿಯಬೇಕು. ನೋಡಿದ ಕೂಡಲೇ 'ಇದು ಕಾಲ್ಡರ್ ಕೈಯದು' ಅನ್ನಿಸುವ ಸುರುಳಿಗಳ ಚೆಲುವಿನಲ್ಲಿ ಆ ಕಟ್ಟಳೆಗೆ ದೊಡ್ಡ ಪಾಲಿದೆ.

ಇದರ ಗುಟ್ಟು ಲೋಹದ ಹದದಲ್ಲಿದೆ. ತಾಮ್ರದ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಸುರುಳಿ ಸುತ್ತಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹಗುರಾಗಿ ತಟ್ಟಿ. ತಂತಿ ಚಪ್ಪಟೆಯಾಗುತ್ತದೆ, ಜೊತೆಗೇ ಗಟ್ಟಿಯೂ ಆಗುತ್ತದೆ. ಮೊದಲು ಬಳುಕುತ್ತಿದ್ದದ್ದು ಈಗ ಸ್ಪ್ರಿಂಗಿನಂತೆ ಪುಟಿದು ತನ್ನ ಆಕಾರಕ್ಕೇ ಮರಳುತ್ತದೆ. ಬೆಸುಗೆ ಇಲ್ಲದೆಯೂ ಕೊಕ್ಕೆ ಬಿಗಿಯಾಗಿ ನಿಲ್ಲುವುದು ಈ ಗಟ್ಟಿತನದಿಂದ. ಅತಿಯಾಗಿ ಬಡಿದರೆ ಬಿರುಕು ಬಿಡುತ್ತದೆ. ಅದಕ್ಕೆ ಮೊದಲೇ ಮಂಕುಗೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿಗೆ ಅದ್ದಿದರೆ ತಾಮ್ರ ಮತ್ತೆ ಮೆತ್ತಗಾಗುತ್ತದೆ.

ನ್ಯೂಯಾರ್ಕಿನ ವಿಲ್ಲರ್ಡ್ ಗ್ಯಾಲರಿಯಲ್ಲಿ 1940ರಲ್ಲಿ ಈ ಒಡವೆಗಳ ಪ್ರದರ್ಶನ ನಡೆಯಿತು. 1942ರಲ್ಲಿ ಕಲಾಸಂಗ್ರಾಹಕಿ ಪೆಗ್ಗಿ ಗುಗೆನ್‌ಹೈಮ್ ತಮ್ಮ ಹೊಸ ಗ್ಯಾಲರಿಯ ಉದ್ಘಾಟನೆಗೆ ಬಂದಾಗ, ಒಂದು ಕಿವಿಯಲ್ಲಿ ಕಾಲ್ಡರ್ ಮಾಡಿದ ಓಲೆ, ಇನ್ನೊಂದರಲ್ಲಿ ಚಿತ್ರಕಾರ ಈವ್ ಟಾಂಗಿ ಮಾಡಿದ ಓಲೆ. ಕಾಲ್ಡರ್ ಅವರ ಅಮೂರ್ತ ಕಲೆ, ಟಾಂಗಿಯವರ ಸರ್ರಿಯಲಿಸಂ ಎರಡೂ ತಮಗೆ ಸಮ ಎಂದು ಸಾರುವ ಬಗೆ ಅದು. ಕಾಲ್ಡರ್ ನಮ್ಮ ದೇಶಕ್ಕೂ ಬಂದಿದ್ದರು. 1955ರಲ್ಲಿ ಸಾರಾಭಾಯಿ ಕುಟುಂಬದ ಅತಿಥಿಯಾಗಿ ಅಹಮದಾಬಾದಿನಲ್ಲಿ ತಂಗಿ, ಅಲ್ಲೇ ಶಿಲ್ಪಗಳನ್ನೂ ಒಡವೆಗಳನ್ನೂ ಮಾಡಿದರು.

ಇಂದು ಕೈಯೊಡವೆ ಮಾಡುವವರು ತಮಗೆ ತಾವೇ ಹಾಕಿಕೊಳ್ಳುವ ಸವಾಲುಗಳ ಹಿಂದಿರುವುದೂ ಕಾಲ್ಡರ್ ಬೆಸುಗೆಯನ್ನು ದೂರವಿಟ್ಟ ವಿವೇಕವೇ: ಕಟ್ಟಳೆಯೇ ಕೈಗೆ ದಾರಿ ತೋರುತ್ತದೆ. ಅಂಗಡಿಯ ತುಂಬ ಮಣಿ ಹರಡಿಕೊಂಡಿದ್ದರೆ ಕೈ ತಡವರಿಸುತ್ತದೆ. ಏಳೇ ಮಣಿ ಇದ್ದರೆ ಒಂದೊಂದನ್ನೂ ತಿರುಗಿಸಿ ನೋಡುತ್ತೇವೆ.

ಈ ಭಾನುವಾರ ನೀವೂ ಕೂತು ನೋಡಿ. ಮನೆಯ ವೈರಿಂಗ್ ಮುಗಿದಾಗ ಉಳಿದ ಒಂದು ಮೊಳ ತಾಮ್ರದ ತಂತಿ ಸಾಕು. ಮೇಲಿನ ಪ್ಲಾಸ್ಟಿಕ್ ಸುಲಿಯಿರಿ. ಹರಿದ ಸರದ ಏಳು ಮಣಿ, ಒಂದು ಇಕ್ಕಳ ಜೊತೆಗಿರಲಿ. ಅಂಟು ಬೇಡ, ಬೆಸುಗೆ ಬೇಡ, ಇನ್ನೊಂದು ತುಂಡು ತಂತಿಯೂ ಬೇಡ. ತೂತಿಲ್ಲದ ಕಲ್ಲೊಂದನ್ನು ಸೇರಿಸಬೇಕೆನಿಸಿದರೆ ತಂತಿಯೇ ಅದನ್ನು ಸುತ್ತಿ ಅಪ್ಪಿಕೊಳ್ಳಲಿ. ಮುಗಿದ ಮೇಲೆ ಮೆಲ್ಲಗೆ ಎಳೆದು ನೋಡಿ. ಕಲ್ಲು ಅಲುಗದಿದ್ದರೆ ಆ ಒಡವೆಯನ್ನು ಮನೆಯ ಮಗುವಿನ ಕೊರಳಿಗೆ ಹಾಕಿ, ಮಗು ಒಪ್ಪಿದರೆ ಗೊಂಬೆಯ ಕೊರಳಿಗೂ.