ತಂಡದ ಕಲಿಕೆ: ನಮ್ಮ ಒಂದು ವರ್ಷದ ಅನುಭವ

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ಕಲಿಯುತ್ತಾರೆ. ಕಾಸರಗೋಡು ಸೀಮೆಯ ನಮ್ಮ ಶಾಲೆಯಲ್ಲಿಯೂ ಈ ವರ್ಷ ಐದೈದು ಮಕ್ಕಳ ತಂಡಗಳನ್ನು ರಚಿಸಿದೆವು.

ಮೊದಮೊದಲು ನಾವೇ ಎಡವಿದೆವು. ಪ್ರತಿ ತಂಡದಲ್ಲಿಯೂ ಜಾಣ ಮಗುವೊಂದೇ ಬರೆಯುತ್ತಿತ್ತು. ಮನೆಯಲ್ಲಿ ತುಳು, ಮಲಯಾಳ, ಮರಾಠಿಗಳನ್ನಾಡುವ ಮಕ್ಕಳು ಕನ್ನಡದಲ್ಲಿ ತಪ್ಪಾದೀತೆಂದು ಅಂಜಿ ಸುಮ್ಮನಿದ್ದರು. ಆ ಮೌನವನ್ನು ನಾವು ಶಿಸ್ತೆಂದು ಭ್ರಮಿಸಿದ್ದೆವು.

ಬಳಿಕ ಅಧ್ಯಾಪಕರಾದ ನಾವೂ ಒಂದು ತಂಡವಾಗಿ, ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಿ, ಕ್ರಮವನ್ನು ತಿದ್ದಿದೆವು. ಓದುವವರೂ ಬರೆಯುವವರೂ ವಾರವಾರವೂ ಬದಲಾಗಬೇಕು. ಮನೆಮಾತಿನಲ್ಲಿ ಚರ್ಚಿಸಬಹುದು, ಉತ್ತರ ಕನ್ನಡದಲ್ಲಿರಬೇಕು. ಉತ್ತರಿಸುವವರನ್ನು ಚೀಟಿಯೆತ್ತಿ ಆರಿಸಬೇಕು. ಯಾರ ಚೀಟಿ ಬರುವುದೋ ತಿಳಿಯದುದರಿಂದ, ಬಲ್ಲವರು ಉಳಿದವರಿಗೆ ಕಲಿಸಲೇಬೇಕಾಯಿತು. ತರಗತಿಯ ಗದ್ದಲ ಹೆಚ್ಚಿತು, ಅಂಜಿಕೆ ಕಡಮೆಯಾಯಿತು.

ಪೋಷಕರು ಅಂಕಗಳನ್ನು ವಿಚಾರಿಸುವಾಗ, ‘ಇಂದು ಯಾರಿಗೆ ಏನು ಕಲಿಸಿದೆ?’ ಎಂದೂ ಕೇಳಬೇಕೆಂದು ನಮ್ಮ ವಿನಂತಿ.