ಕಿರುಬೆರಳು ಕೊಟ್ಟ ಸುಳಿವು

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ನೋಟು ಎಣಿಸುವುದು, ಲೆಡ್ಜರ್ ಬರೆಯುವುದು, ಚೆಕ್ಕಿನ ಮೇಲಿನ ಸಹಿಯನ್ನು ಮಾದರಿ ಸಹಿಯೊಂದಿಗೆ ಹೋಲಿಸಿ ನೋಡುವುದು ನನ್ನ ಕೆಲಸ. ಸಹಿ ಒಂದಿಷ್ಟು ಓರೆಯಾದರೂ "ಹೊಂದುತ್ತಿಲ್ಲ, ಇನ್ನೊಮ್ಮೆ ಮಾಡಿ" ಎಂದು ಚೀಟಿಯನ್ನು ಕೌಂಟರಿನಾಚೆ ತಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ಅದೇ ಮಾತನ್ನು ನನ್ನ ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ನನಗೆ ಹೇಳಿದ. ಹಣ ತೆಗೆಯುವ ಚೀಟಿಯ ಮೇಲೆ ಮೂರು ಸಲ ಸಹಿ ಮಾಡಿದೆ. ಮೂರೂ ಮೂರು ತರಹ! ಪೆನ್ನು ಹೆಬ್ಬೆರಳಿನ ಹಿಡಿತಕ್ಕೇ ಸಿಗುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ, ಅದಕ್ಕೂ ಒಂದು ವರ್ಷ ಮೊದಲಿನಿಂದ ಬಲಗೈ ಜೋಮು ಹಿಡಿಯುತ್ತಿತ್ತು. ನಡುರಾತ್ರಿ ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿದರೆ ಸರಿಹೋಗುತ್ತಿತ್ತು. ನಮ್ಮಾಕೆಗೂ ಹೇಳಿರಲಿಲ್ಲ. ನಮ್ಮ ತಂದೆಗೆ ಲಕ್ವ ಹೊಡೆದದ್ದು ಕಣ್ಣಮುಂದೆಯೇ ಇತ್ತು. ನನಗೂ ಅದೇ ಎಂದು ಒಳಗೊಳಗೇ ಹೆದರಿ, ಹೆದರಿದ್ದರಿಂದಲೇ ಡಾಕ್ಟರ ಹತ್ತಿರ ಹೋಗದೆ ಕೂತಿದ್ದೆ.

ಗುಟ್ಟು ರಟ್ಟು ಮಾಡಿದವಳು ಏಳನೇ ತರಗತಿಯ ಮೊಮ್ಮಗಳು. ಶಾಲೆಯ ಪ್ರಾಜೆಕ್ಟಿಗೆಂದು ನನ್ನ ಎರಡೂ ಅಂಗೈಗಳನ್ನು ಹಾಳೆಯ ಮೇಲಿಟ್ಟು ಗೆರೆ ಎಳೆಯುತ್ತಿದ್ದಳು. ಅಂಗೈ ಮಗುಚಿ ನೋಡಿ, "ತಾತಾ, ಎಡಗೈಯಲ್ಲಿ ಹೆಬ್ಬೆರಳ ಬುಡ ದಪ್ಪಗಿದೆ. ಬಲಗೈದು ಯಾಕೆ ಚಪ್ಪಟೆ?" ಎಂದಳು. ನಮ್ಮಾಕೆ ಅಡುಗೆಮನೆಯಿಂದ ಓಡಿ ಬಂದಳು. ಮಾರನೇ ದಿನವೇ ನನ್ನನ್ನು ಡಾಕ್ಟರ ಮುಂದೆ ಕೂರಿಸಿದರು.

ಡಾಕ್ಟರು ಒಂದೊಂದೇ ಬೆರಳನ್ನು ಹತ್ತಿಯಿಂದ ಸವರಿ ಕೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮಂಕು. ಉಂಗುರಬೆರಳು ಅರ್ಧ ಮಂಕು, ಅರ್ಧ ಚುರುಕು. "ಕಿರುಬೆರಳು ಹೇಗಿದೆ ಯಜಮಾನ್ರೇ?" ಎಂದರು. "ಅದಕ್ಕೇನೂ ಆಗಿಲ್ಲ" ಎಂದೆ. ಅವರು ನಕ್ಕು, "ಹಾಗಾದರೆ ಇದು ಲಕ್ವ ಅಲ್ಲ. ಬೇರೆ ಬೇರೆ ಬೆರಳಿಗೆ ಬೇರೆ ಬೇರೆ ನರ. ನಿಮ್ಮದು ಒಂದೇ ನರದ ತಕರಾರು" ಎಂದರು. ಒಂದು ವರ್ಷದ ಭಯ ಆ ಒಂದು ಮಾತಿಗೆ ಇಳಿಯಿತು.

ಆಮೇಲೆ ಅವರು ಹೇಳಿದ್ದನ್ನು, ಮೊಮ್ಮಗಳ ಪುಸ್ತಕದಿಂದ ನಾನು ಕಲಿತದ್ದನ್ನು ಸೇರಿಸಿ ನಿಮಗೂ ಹೇಳುತ್ತೇನೆ.

ನಮ್ಮ ದೇಹದೊಳಗೆ ಗೂಡುಗಳಿವೆ. ತಲೆಬುರುಡೆಯೊಳಗೆ ಮೆದುಳು. ಅದರಿಂದ ಇಳಿದು ಬರುವ ಮೆದುಳುಬಳ್ಳಿಗೆ ಬೆನ್ನುಮೂಳೆಯೊಳಗೆ ಒಂದು ಕಾಲುವೆ. ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶ. ವಪೆ ಎಂಬ ಸ್ನಾಯುವಿನ ಪರದೆಯ ಕೆಳಗೆ ಹೊಟ್ಟೆಯ ಗೂಡು. ಅಲ್ಲಿ ಜಠರ, ಯಕೃತ್ತು, ಕರುಳು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಇವು ಸ್ಟ್ರಾಂಗ್ ರೂಮುಗಳು. ಆದರೆ ಕೈಗೆ ಹೋಗುವ ನರಗಳು ಕತ್ತಿನ ಹತ್ತಿರ ಮೂಳೆಯ ಕಾವಲಿನಿಂದ ಹೊರಬಂದು, ಕಂಕುಳು ದಾಟಿ, ತೋಳಿನಲ್ಲಿ ಇಳಿದು ಬೆರಳಿನವರೆಗೆ ಬರಬೇಕು. ಮಧ್ಯೆ ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಸುರಂಗ. ಅದರ ತಳ, ಪಕ್ಕದ ಗೋಡೆ ಮಣಿಕಟ್ಟಿನ ಪುಟ್ಟ ಮೂಳೆಗಳು; ಚಾವಣಿ ಒಂದು ಗಟ್ಟಿ ಪಟ್ಟಿ. ಅದರೊಳಗೆ 9 ಸ್ನಾಯುರಜ್ಜುಗಳು, ಒಂದು ನರ. ಆ ನರದ ಹೆಸರು ಮೀಡಿಯನ್. ಒಳಗೆ ಬಾವು ಬಂದರೆ ಮೊದಲು ಒತ್ತಡಕ್ಕೆ ಸಿಗುವುದು ಅದೇ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡರಂತೂ ಒತ್ತಡ ಇನ್ನೂ ಹೆಚ್ಚು. ಕಿರುಬೆರಳಿನ ಅಲ್ನಾರ್ ನರ ಈ ಸುರಂಗದೊಳಗೆ ಬರುವುದಿಲ್ಲ. ಅದಕ್ಕೇ ನನ್ನ ಕಿರುಬೆರಳು ಆರಾಮವಾಗಿತ್ತು. ಮೊಣಕೈ ಗೋಡೆಗೆ ತಗುಲಿದಾಗ ಶಾಕ್ ಹೊಡೆದಂತಾಗುತ್ತದಲ್ಲ, ಅದು ಈ ಅಲ್ನಾರ್ ನರವೇ.

ಮಕ್ಕಳೇ, ಈಗ ನೀವೂ ಮಾಡಿ ನೋಡಿ. ಎಡಗೈಯಿಂದ ಬಲ ಮುಂಗೈಯನ್ನು, ಮೊಣಕೈಗೆ ಸ್ವಲ್ಪ ಕೆಳಗೆ, ಮೆಲ್ಲಗೆ ಹಿಡಿದು ಬಲಗೈ ಬೆರಳುಗಳನ್ನು ಮಡಚಿ ಬಿಚ್ಚಿ. ಒಳಗೆ ಏನೋ ಹರಿದಾಡುತ್ತದೆ, ಅಲ್ಲವೇ? ಬೆರಳನ್ನು ಬಲವಾಗಿ ಮಡಚುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಬೊಂಬೆಯಾಟದ ಸೂತ್ರದಂತೆ ಉದ್ದನೆಯ ರಜ್ಜುಗಳಿಂದ ದೂರದಿಂದಲೇ ಎಳೆಯುತ್ತವೆ. ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು: ಸುರಂಗದ 9ರ ಲೆಕ್ಕ ಸರಿಹೋಯಿತು!

ಇನ್ನೊಂದು ಆಟ. ನಡುಬೆರಳನ್ನು ಒಳಕ್ಕೆ ಮಡಚಿ ಅಂಗೈಯನ್ನು ಮೇಜಿನ ಮೇಲೆ ಊರಿ. ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ. ಉಂಗುರಬೆರಳು ಏಳುವುದೇ ಇಲ್ಲ. ಕೈ ಹಿಂಭಾಗದಲ್ಲಿ ಅದರ ರಜ್ಜು ಪಕ್ಕದ ರಜ್ಜುಗಳ ಜೊತೆ ಪಟ್ಟಿಗಳಿಂದ ಬೆಸೆದುಕೊಂಡಿರುತ್ತದೆ.

ಒಂದು ಮಾತು. ಕೈಮೇಲೆ ಹಸಿರಾಗಿ ಉಬ್ಬಿರುವುದನ್ನು ನಾವೆಲ್ಲ 'ನರ' ಎನ್ನುತ್ತೇವೆ. ಅದು ನರ ಅಲ್ಲ, ರಕ್ತನಾಳ. ನರ ಸುದ್ದಿ ಸಾಗಿಸುವ ತಂತಿ. ನನ್ನ ಕೈಗೆ ಸಣ್ಣ ಶಾಕ್ ಕೊಟ್ಟು ಆ ಸುದ್ದಿಯ ವೇಗವನ್ನೂ ಅಳೆದರು. ಆರೋಗ್ಯವಂತರ ಕೈಯಲ್ಲಿ ಅದು ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ನನ್ನದು ಮಣಿಕಟ್ಟಿನಲ್ಲಿ ಕುಂಟುತ್ತಿತ್ತು.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸುರಂಗದ ಚಾವಣಿಯ ಪಟ್ಟಿಯನ್ನು ಕತ್ತರಿಸಿದರು. ಅದೇ ದಿನ ಮನೆಗೆ ಬಂದೆ. ರಾತ್ರಿಯ ಜೋಮು ಕೆಲವೇ ದಿನಗಳಲ್ಲಿ ನಿಂತಿತು. ಆದರೆ ಹೆಬ್ಬೆರಳ ಬುಡದ ಸ್ನಾಯು ಪೂರ್ತಿ ತುಂಬಿಕೊಳ್ಳಲಿಲ್ಲ. ನರದಿಂದ ಅಪ್ಪಣೆ ಬಾರದೆ ಬಹಳ ಕಾಲ ಸುಮ್ಮನಿದ್ದ ಸ್ನಾಯು ಸೊರಗಿಬಿಡುತ್ತದೆ. "ಒಂದು ವರ್ಷ ಮೊದಲೇ ಬಂದಿದ್ದರೆ ರಾತ್ರಿ ಹೊತ್ತು ಕೈಗೆ ಪಟ್ಟಿ ಕಟ್ಟಿಯೇ ನೋಡಬಹುದಿತ್ತು" ಎಂದರು ಡಾಕ್ಟರು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ, ಬಸುರಿಯರಲ್ಲಿ ಇದು ಹೆಚ್ಚು. ಅಂಥವರು ಜೋಮನ್ನು ಅಲಕ್ಷ್ಯ ಮಾಡಬಾರದು. ಇನ್ನು ಮುಖ ಸೊಟ್ಟಗಾಗಿ, ಮಾತು ತೊದಲಿ, ಒಂದು ಕಡೆಯ ಕೈಕಾಲು ಥಟ್ಟನೆ ಸೋತರೆ ಅದು ಬೇರೆಯೇ. ಆಗ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಮೊನ್ನೆ ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಟ್ಟು ಬಂದೆ. ಅದೇ ಹುಡುಗ ಕುರ್ಚಿ ತಂದು ಹಾಕಿ, "ಆರಾಮವಾಗಿ ಮಾಡಿ ಸರ್" ಎಂದ. ಆಗ ನೆನಪಾದದ್ದು, ನಾನು ಕೌಂಟರಿನಲ್ಲಿದ್ದಾಗ ಪಿಂಚಣಿಗೆಂದು ಬರುತ್ತಿದ್ದ ಒಬ್ಬ ಮುದುಕರು. ಸಹಿ ಮಾಡುವ ಮೊದಲು ಪ್ರತಿ ಸಲವೂ ಅವರು ಕೈ ಕೊಡವಿಕೊಳ್ಳುತ್ತಿದ್ದರು. ಎರಡು ಸಲ ಅವರನ್ನು ಬರಿಗೈಯಲ್ಲಿ ವಾಪಸು ಕಳಿಸಿದ್ದೆ. ಕೈಗೆ ಏನಾಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಬೇಕಾಗಿತ್ತು.