ಸಾಂದ್ರಿಕೆಯಲ್ಲಿ ಉಳಿದ ಚಿತ್ರಮಾಲೆಗಳು

ಕೊಯಮತ್ತೂರು ನಗರದ ಪೀಳಮೇಡು ಹತ್ತಿಗಿರಣಿಗಳಿಗೂ ಪಿ.ಎಸ್.ಜಿ. ವಿದ್ಯಾಸಂಸ್ಥೆಗಳಿಗೂ ಹೆಸರಾದ ಭಾಗ. ಈ ಜಿಲ್ಲೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ ನೇಕಾರ ಕುಟುಂಬಗಳ ಮನೆಮಾತು ಕನ್ನಡ. ಶಾಲೆಯಲ್ಲಿ ಕಲಿತ ಬರಹ ಬಹುಮಟ್ಟಿಗೆ ತಮಿಳು. 2000ದ ದಶಕದಲ್ಲಿ ಬೇರೆಡೆಗಳಂತೆ ಇಲ್ಲಿಯೂ ಮದುವೆ, ಗೃಹಪ್ರವೇಶ, ಚೌಡೇಶ್ವರಿ ಅಮ್ಮನ ಹಬ್ಬ, ಕಾಲೇಜಿನ ಬೀಳ್ಕೊಡುಗೆ ಮೊದಲಾದ ಸಂದರ್ಭಗಳ ಛಾಯಾಚಿತ್ರಗಳನ್ನು ಕ್ರಮವಾಗಿ ಜೋಡಿಸಿ, ಹಿನ್ನೆಲೆಗೆ ಹಾಡನ್ನೋ ಮಾತನ್ನೋ ಸೇರಿಸಿ, ಸಿ.ಡಿ. ಅಥವಾ ಡಿ.ವಿ.ಡಿ.ಗೆ ಬರೆದು ಗೆಳೆಯರಿಗೂ ನಂಟರಿಗೂ ಕೊಡುವ ರೂಢಿಯಿತ್ತು. ಹೀಗೆ ಮನೆಯಲ್ಲಿಯೇ ಸಿದ್ಧವಾದ ಚಿತ್ರಮಾಲೆಗಳು ಇಂದು ಕಪಾಟುಗಳಲ್ಲಿವೆ. ಅವನ್ನು ಓದುವ ಯಂತ್ರಗಳು ಮಾತ್ರ ಮನೆಗಳಿಂದ ಮರೆಯಾಗುತ್ತಿವೆ. ಅವುಗಳನ್ನು ಹೇಗೆ ಹೊರತೆಗೆಯಬೇಕು, ಹೇಗೆ ಹಂಚಬೇಕು ಎಂಬುದು ಮೇಲ್ನೋಟಕ್ಕೆ ತಂತ್ರಜ್ಞಾನದ ಪ್ರಶ್ನೆ. ಆದರೆ ಹಸ್ತಪ್ರತಿಗಳ ಚರಿತ್ರೆಯನ್ನು ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಅದು ಬಹು ಪರಿಚಿತವಾದ ಪ್ರಶ್ನೆಯೇ ಆಗಿದೆ.

ಚಿತ್ರಗಳನ್ನು ಒಂದರ ಬಳಿಕ ಒಂದು ತೋರಿಸುತ್ತ ಕಥೆ ಹೇಳುವ ಕಲೆ ಹೊಸದಲ್ಲ. 1892ರಲ್ಲಿ ಮಹಾರಾಷ್ಟ್ರದ ಕಲ್ಯಾಣ ಪಟ್ಟಣದ ಮಹಾದೇವ ಪಟವರ್ಧನರು ‘ಶಾಂಬರಿಕ ಖರೋಲಿಕಾ’ ಎಂಬ ಪ್ರದರ್ಶನವನ್ನು ಆರಂಭಿಸಿದರು. ಗಾಜಿನ ಹಲಗೆಗಳ ಮೇಲೆ ಕೈಯಿಂದ ಬರೆದ ಬಣ್ಣದ ಚಿತ್ರಗಳನ್ನು ದೀಪದ ಬೆಳಕಿನಿಂದ ಪರದೆಯ ಮೇಲೆ ಮೂಡಿಸಿ, ಪುರಾಣದ ಕಥೆಗಳನ್ನು ನಿರೂಪಿಸುವ ಮಾಯಾದೀಪದ ಆಟವದು. ರೈಲ್ವೆ ನೌಕರರಾಗಿದ್ದ ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟ್ ಅವರು 1905ರಲ್ಲಿ ಫ್ರೆಂಚ್ ಪ್ರದರ್ಶಕನೊಬ್ಬನಿಂದ ಚಲನಚಿತ್ರ ಯಂತ್ರವನ್ನು ಕೊಂಡು ಊರೂರು ತಿರುಗಿದರು. 1914ರಲ್ಲಿ ಇದೇ ನಗರದಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನು ಕಟ್ಟಿಸಿದರು. ಆ ಕಾಲದಲ್ಲಿ ತೋರಿಸುವವನೇ ಯಂತ್ರವನ್ನು ಹೊತ್ತು ನೋಡುವವರಿದ್ದೆಡೆಗೆ ಹೋಗಬೇಕಾಗಿತ್ತು. ಸಿ.ಡಿ. ಈ ಕ್ರಮವನ್ನು ತಿರುವುಮುರುವು ಮಾಡಿತು. ನೋಡುವವನ ಮನೆಯಲ್ಲಿಯೇ ಯಂತ್ರವಿತ್ತು. ಗೆಳೆಯನ ಕೈಗೆ ಪ್ರದರ್ಶನವನ್ನೇ ಇತ್ತು ಬರುವುದು ಸಾಧ್ಯವಾಯಿತು.

ಕನ್ನಡದಲ್ಲಿ ‘ಸಾಂದ್ರಿಕೆ’ ಎಂದೂ ಕರೆಯಲಾಗುವ ಸಿ.ಡಿ.ಯ ವ್ಯಾಸ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರಲ್ಲಿ ಸುಮಾರು 700 ಎಂ.ಬಿ. ದತ್ತಾಂಶ ಹಿಡಿಸುತ್ತದೆ, ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಜಿ.ಬಿ. ಮನೆಯಲ್ಲಿ ಬರೆಯುವ ಸಾಂದ್ರಿಕೆಯೊಳಗೆ ಒಂದು ಬಗೆಯ ಬಣ್ಣದ ಪದರವಿರುತ್ತದೆ. ಲೇಸರ್ ಕಿರಣವು ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಓದುವಾಗ ಮತ್ತೊಂದು ದುರ್ಬಲ ಕಿರಣ ಆ ಗುರುತುಗಳನ್ನು ಗ್ರಹಿಸುತ್ತದೆ. ಬಿಸಿಲು, ಶಾಖ, ತೇವಗಳಿಂದ ಬಣ್ಣ ಮಾಸಿದರೆ ಗುರುತುಗಳೂ ಮಾಸುತ್ತವೆ. ಸಿ.ಡಿ.ಯಲ್ಲಿ ಈ ಪದರವಿರುವುದು ಹೆಸರು ಬರೆಯುವ ಮೇಲ್ಮೈಯ ತೀರ ಹತ್ತಿರದಲ್ಲಿ. ಆದುದರಿಂದ ಹೊಳೆಯುವ ಬದಿಯ ಗೀರಿಗಿಂತ ಮೇಲ್ಬದಿಯ ಗೀರು ಹೆಚ್ಚು ಅಪಾಯಕರ. ಅಲ್ಲಿ ಬಾಲ್ ಪೆನ್ನಿನಿಂದ ಒತ್ತಿ ಬರೆಯುವುದೂ ಅಂಟುಚೀಟಿ ಹಚ್ಚುವುದೂ ಹಿತವಲ್ಲ. ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಸಾಂದ್ರಿಕೆ ಅಚ್ಚಿನಿಂದ ಒತ್ತಿ ತೆಗೆದದ್ದು. ಅದರಲ್ಲಿ ಇಂಥ ಬಣ್ಣದ ಪದರವಿಲ್ಲ. ಅಂಗಡಿಯ ಚಿತ್ರ ಇನ್ನೂ ಓಡುತ್ತಿದ್ದು ಮನೆಯ ಚಿತ್ರಮಾಲೆ ನಿಂತುಹೋಗುವುದಕ್ಕೆ ಇದೊಂದು ಕಾರಣ.

ವಸ್ತು ಕೆಡುವುದು ಒಂದು ಆಪತ್ತಾದರೆ, ಓದುವ ಯಂತ್ರ ಇಲ್ಲವಾಗುವುದು ಇನ್ನೊಂದು. 2008ರಲ್ಲಿ ಬಂದ ಆ್ಯಪಲ್ ಸಂಸ್ಥೆಯ ಮ್ಯಾಕ್‌ಬುಕ್ ಏರ್ ಗಣಕದಲ್ಲಿ ಸಾಂದ್ರಿಕೆಯ ತಟ್ಟೆಯೇ ಇರಲಿಲ್ಲ. ಕ್ರಮೇಣ ಇತರ ಮಡಿಲಗಣಕಗಳೂ ಅದನ್ನು ಕೈಬಿಟ್ಟವು. ವಿಂಡೋಸ್ 7ರ ಹಲವು ಆವೃತ್ತಿಗಳಲ್ಲಿ ಡಿ.ವಿ.ಡಿ. ತಯಾರಿಸುವ ತಂತ್ರಾಂಶ ಸೇರಿಕೊಂಡೇ ಬರುತ್ತಿತ್ತು. 2012ರ ವಿಂಡೋಸ್ 8ರಲ್ಲಿ ಅದು ಇಲ್ಲವಾಯಿತು. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಸಾಂದ್ರಿಕೆ ತಯಾರಕರಲ್ಲಿ ಒಂದಾಗಿದ್ದ ಭಾರತದ ಮೋಸರ್ ಬೇರ್ ಸಂಸ್ಥೆ 2018ರಲ್ಲಿ ಸಮಾಪನಕ್ಕೆ ಒಳಗಾಯಿತು. ಓಲೆಗರಿ ಹಾಳಾಗದೆ ಉಳಿದಿದ್ದರೂ ಲಿಪಿಯನ್ನು ಬಲ್ಲವರಿಲ್ಲದಿದ್ದರೆ ಗ್ರಂಥ ಮೌನವಾಗಿರುವಂತೆಯೇ ಇದು.

ಕನ್ನಡಕ್ಕೆ ಸಂಬಂಧಿಸಿದ ತೊಡಕು ಇನ್ನೂ ಸೂಕ್ಷ್ಮವಾದುದು. ಅಂದಿನ ಅಡಿಬರಹಗಳನ್ನು ನುಡಿ, ಬರಹ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡುತ್ತಿದ್ದರು. ಅವುಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ವಿನ್ಯಾಸವಿಲ್ಲದ ಗಣಕದಲ್ಲಿ ಹಳೆಯ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ; ಸೂಕ್ತ ಪರಿವರ್ತಕ ತಂತ್ರಾಂಶದಿಂದ ಅದನ್ನು ಯೂನಿಕೋಡಿಗೆ ತರಬೇಕಾಗುತ್ತದೆ. ಅಡಿಬರಹವು ಚಿತ್ರದೊಳಗೇ ಬೆರೆತುಹೋಗಿದ್ದರೆ ಕಣ್ಣಿಗೆ ಸರಿಯಾಗಿಯೇ ಕಾಣುವುದಾದರೂ ಹುಡುಕಿದರೆ ಸಿಗುವುದಿಲ್ಲ. ಅಂಥ ಬರಹವನ್ನು ನೋಡಿ ಮತ್ತೊಮ್ಮೆ ಟೈಪು ಮಾಡಿಡುವುದೇ ದಾರಿ.

ಅಡಿಬರಹಕ್ಕಿಂತ ಅಮೂಲ್ಯವಾದುದು ದನಿ. ಕೊಯಮತ್ತೂರು ಸೀಮೆಯ ದೇವಾಂಗರ ಕನ್ನಡ ಮಾತಿನಲ್ಲಿ ಬಾಳಿದ ಕನ್ನಡ. ಬರಹಕ್ಕೆ ಇಳಿದದ್ದು ಕಡಮೆ. ಮಗ್ಗದ ಮುಂದೆ ಕುಳಿತ ಹಿರಿಯರ ಚಿತ್ರ ತೆರೆಯ ಮೇಲೆ ಬಂದಾಗ ಮನೆಯ ಅಜ್ಜಿಯೊಬ್ಬರು “ಇವರು ಯಾರು, ಯಾವ ಊರಿನವರು, ಯಾವ ಹಬ್ಬದ ದಿನ” ಎಂದು ತಮ್ಮ ಮಾತಿನಲ್ಲಿಯೇ ವಿವರಿಸಿದ್ದರೆ, ಆ ಹತ್ತು ನಿಮಿಷಗಳ ಧ್ವನಿ ಉಪಭಾಷೆಯ ಅಧ್ಯಯನಕ್ಕೆ ನೇರವಾದ ಆಕರ. ಬಂಧುವಾಚಕಗಳು, ನೇಯ್ಗೆಯ ಪದಗಳು, ತಮಿಳಿನೊಡನೆ ಬೆರೆತ ವಾಕ್ಯರಚನೆ, ಸ್ವರದ ಏರಿಳಿತ ಎಲ್ಲವೂ ಅದರಲ್ಲಿರುತ್ತವೆ. ಆ ಸಾಂದ್ರಿಕೆ ಮೌನವಾದರೆ ಛಾಯಾಚಿತ್ರದ ಮೂಲಪ್ರತಿ ಬೇರೆಡೆ ದೊರಕೀತು. ಆ ದನಿ ದೊರಕುವುದಿಲ್ಲ.

ಹೊರತೆಗೆಯುವ ಕ್ರಮ ಕಷ್ಟದ್ದಲ್ಲ. ಗಣಕದ ಯು.ಎಸ್.ಬಿ. ಕಿಂಡಿಗೆ ಜೋಡಿಸಬಹುದಾದ ಡಿ.ವಿ.ಡಿ. ಡ್ರೈವುಗಳು ಇನ್ನೂ ದೊರೆಯುತ್ತವೆ; ಒಂದು ಕೇರಿಗೋ ವಿಭಾಗಕ್ಕೋ ಒಂದಿದ್ದರೆ ಸಾಕು. ವಿಡಿಯೊ ಸಿ.ಡಿ.ಯಾದರೆ ‘ಎಂಪೆಗ್‌ಎವಿ’ ಎಂಬ ಕೋಶದೊಳಗೆ ‘ಡ್ಯಾಟ್’ ಕಡತವೂ, ಡಿ.ವಿ.ಡಿ.ಯಾದರೆ ‘ವಿಡಿಯೊ ಟಿಎಸ್’ ಎಂಬ ಕೋಶದೊಳಗೆ ‘ವಿಒಬಿ’ ಕಡತಗಳೂ ಇರುತ್ತವೆ. ಮೊದಲು ಇವನ್ನು ಇದ್ದಂತೆಯೇ ನಕಲು ಮಾಡಿಕೊಂಡು, ಅನಂತರ ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶದಿಂದ ‘ಎಂಪಿ4’ ರೂಪಕ್ಕೆ ತರಬೇಕು. ಓದಲು ತಡವರಿಸುವ ಸಾಂದ್ರಿಕೆಯನ್ನು ಬೇರೊಂದು ಡ್ರೈವಿನಲ್ಲಿ ಪ್ರಯತ್ನಿಸಿದರೆ ಕೆಲವೊಮ್ಮೆ ಓದಿಕೊಳ್ಳುವುದುಂಟು.

ಚಿತ್ರಮಾಲೆಯನ್ನು ಉಳಿಸಿಕೊಂಡರೆ ಛಾಯಾಚಿತ್ರಗಳೂ ಉಳಿದವೆಂದು ತಿಳಿಯಬಾರದು. ಅಂದಿನ ಸಾಧಾರಣ ಕ್ಯಾಮೆರಾದ 2048×1536 ಅಳತೆಯ ಚಿತ್ರದಲ್ಲಿ ಸುಮಾರು 31 ಲಕ್ಷ ಬಿಂದುಗಳಿದ್ದವು. ನಮ್ಮ ದೇಶದ ಟಿ.ವಿ. ಪದ್ಧತಿಯ ಡಿ.ವಿ.ಡಿ.ಯ ತೆರೆ 720×576, ಎಂದರೆ ಸುಮಾರು 4 ಲಕ್ಷ ಬಿಂದು, ವಿಡಿಯೊ ಸಿ.ಡಿ.ಯದು 352×288, ಸುಮಾರು 1 ಲಕ್ಷ ಮಾತ್ರ. ಮದುವೆಯ ಗುಂಪುಚಿತ್ರದ ಹಿಂದಿನ ಸಾಲಿನವರ ಮುಖ ಮಸುಕಾಗುವುದು ಇದರಿಂದಲೇ. ಆದುದರಿಂದ ಮೂಲಚಿತ್ರಗಳಿರುವ ಬೇರೆ ಸಾಂದ್ರಿಕೆಯೋ ಹಳೆಯ ಹಾರ್ಡ್ ಡಿಸ್ಕೋ ಇದೆಯೇ ಎಂದು ಮನೆಯವರನ್ನು ಕೇಳಿ ತಿಳಿಯುವುದು ಅವಶ್ಯ.

ಇನ್ನು ಹಂಚುವ ಮಾತು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನ ಮಾಡಿದ ಅತ್ತಿಮಬ್ಬೆಯ ಹೆಸರು ಪ್ರತಿಯೊಬ್ಬ ಕನ್ನಡ ವಿದ್ಯಾರ್ಥಿಗೂ ಗೊತ್ತು. ಅದನ್ನು ಭಕ್ತಿಯ ಕಾರ್ಯವೆಂದು ಮಾತ್ರ ನೋಡಿದರೆ ಅದರ ವಿವೇಕ ಅರ್ಧ ಮರೆಯಾಗುತ್ತದೆ: ಒಂದೆಡೆಯ ಪ್ರತಿಯನ್ನು ಗೆದ್ದಲು ತಿಂದರೂ ಮತ್ತೊಂದೆಡೆಯದು ಉಳಿಯುತ್ತದೆ. ಇದಕ್ಕೆ ಎದುರಾದ ನಿದರ್ಶನವೂ ನಮ್ಮಲ್ಲಿಯೇ ಇದೆ. ಕೊಲ್ಹಾಪುರದಲ್ಲಿ ಚಿತ್ರೀಕರಣಗೊಂಡು 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಇಂದು ಅದರ ಪ್ರತಿ ಇಲ್ಲ. ಆ ಚಿತ್ರದ ಕನ್ನಡ ಹೇಗೆ ಕೇಳಿಸುತ್ತಿತ್ತೆಂಬುದನ್ನು ಯಾರೂ ಕೇಳಿ ಅರಿಯಲಾರರು.

ಹಾಗಾಗಿ ಗೆಳೆಯರಿಗೆ ಹಂಚುವುದು ಕಾಪಾಡುವ ಕೆಲಸವೂ ಹೌದು. ಆದರೆ ಎಲ್ಲ ಹಂಚಿಕೆಯೂ ಪ್ರತಿಯೆತ್ತುವುದಲ್ಲ. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಗಾತ್ರದಲ್ಲಿ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲರೂಪದಲ್ಲಿಯೇ ತಲಪುತ್ತದೆ. ಗೂಗಲ್ ಫೋಟೊಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ನಿಂತು 15 ಜಿ.ಬಿ.ಯ ಎಲ್ಲೆಗೆ ಒಳಪಟ್ಟಿತು. ಆದುದರಿಂದ ಅದೊಂದನ್ನೇ ನಂಬಿ ಕೂರಲಾಗದು. ಪೆನ್ ಡ್ರೈವಿನಲ್ಲಿ ಒಂದು, ಗೆಳೆಯನ ಗಣಕದಲ್ಲಿ ಒಂದು, ಜಾಲಸಂಗ್ರಹದಲ್ಲಿ ಒಂದು ಎಂಬಂತೆ ಕನಿಷ್ಠ ಮೂರು ಪ್ರತಿಗಳಿರಬೇಕು. ಹಿಂದೆ ಹತ್ತು ಮಂದಿಗೆ ಕೊಟ್ಟ ಸಾಂದ್ರಿಕೆ ಆ ಹತ್ತು ಮನೆಗಳಲ್ಲಿಯೇ ಉಳಿಯುತ್ತಿತ್ತು. ಇಂದಿನ ಹಂಚಿಕೆಗೆ ಅಂತಹ ಗಡಿಯಿಲ್ಲದಿರುವುದರಿಂದ ಚಿತ್ರದಲ್ಲಿರುವವರ ಒಪ್ಪಿಗೆಯನ್ನು ಕೇಳಿ ಕಳಿಸುವುದು ಸೌಜನ್ಯ.

ಹಳೆಯ ಲಿಪಿಕಾರರು ಗ್ರಂಥದ ಕೊನೆಗೆ ಯಾರು, ಎಂದು, ಎಲ್ಲಿ ಪ್ರತಿ ಮಾಡಿದರೆಂದು ಬರೆಯುತ್ತಿದ್ದರು. ಚಿತ್ರಮಾಲೆಯ ಜೊತೆಗೂ ಯೂನಿಕೋಡ್ ಕನ್ನಡದಲ್ಲಿ ಅಂತಹುದೊಂದು ಪುಟವನ್ನು ಸೇರಿಸಬೇಕು: ಚಿತ್ರದಲ್ಲಿರುವವರ ಹೆಸರು, ಊರು, ವರ್ಷ, ಮಾತಾಡಿದವರು ಯಾರು, ನಕಲು ಮಾಡಿದ ದಿನ. ಪೀಳಮೇಡಿನ ಸುತ್ತಮುತ್ತಲಿನ ಕನ್ನಡ ಮನೆಗಳಿಂದಲೋ ತಾಳವಾಡಿ, ಸತ್ಯಮಂಗಲಗಳ ಕಡೆಯಿಂದಲೋ ಬರುವ ವಿದ್ಯಾರ್ಥಿಗಳಿಗೆ ಇದು ರಜೆಯ ದಿನಗಳಲ್ಲಿ ಕೈಗೊಳ್ಳಬಹುದಾದ ಕ್ಷೇತ್ರಕಾರ್ಯ. ಹೆಸರುಗಳನ್ನು ಹೇಳಬಲ್ಲ ಹಿರಿಯರು ಪಕ್ಕದಲ್ಲಿರುವಾಗಲೇ ಚಿತ್ರಮಾಲೆಯನ್ನು ಒಮ್ಮೆ ಓಡಿಸಿ ನೋಡಿ ಬರೆದುಕೊಳ್ಳುವುದು ಮೊದಲ ಕೆಲಸ, ಉಳಿದದ್ದು ಅನಂತರ.